ಅರ್ಧಾಣೆಯ ಬಾಕಿ

ಮೂವತ್ತೊಂದು ವರ್ಷ ಹಂಪನಕಟ್ಟೆಯ ಬ್ಯಾಂಕಿನಲ್ಲಿ
ಒದ್ದೆ ಸ್ಪಂಜಿಗೆ ಬೆರಳು ಮುಟ್ಟಿಸಿ ನೋಟು ಎಣಿಸಿದವಳು.
ಈಗ ನಾನು ಕೂಡಿಡುವುದು
ಯಾವ ಬ್ಯಾಂಕೂ ಮುಟ್ಟದ ದುಡ್ಡು.

ತಾಮ್ರವೆಲ್ಲ ಯುದ್ಧಕ್ಕೆ ಹೋದ ಕಾಲ.
ಮುಕ್ಕಾಲಿನ ಹೊಟ್ಟೆಗೂ ಒಟ್ಟೆ ಬಿದ್ದು, ಕಡೆಗೆ ಅದೂ ಸಿಗದೆ
ಊರಿನ ಅಂಗಡಿಗಳು ತಮ್ಮ ತಮ್ಮ ಟಂಕಸಾಲೆ ತೆರೆದವು:
ಬೋಳಾರದ ಹೆಂಚಿನ ಕಾರ್ಖಾನೆಯದು ಸುಟ್ಟ ಮಣ್ಣಿನ ಬಿಲ್ಲೆ,
ಕಜೆತಾನ್ ಪೊರ್ಬುವಿನ ಬೇಕರಿಯದು ರಟ್ಟು, ಅಂಚಿಗೆ ಇಲಿ ಕಡಿದ ಗುರುತು,
ವಿಟ್ಠಪ್ಪ ಬಾಳಿಗರ ಹೋಟೆಲಿನದು ತಗಡು,
'ಇಡ್ಲಿ ೧' ಎಂದು ಮೊಳೆಯಲ್ಲಿ ಕುಟ್ಟಿದ್ದು.

ಆಲ್ಬಮ್ಮಿನ ಕಿಸೆಗಳಲ್ಲಿ ನಲವತ್ತಾರು.
ಒಂದು ರಾತ್ರಿ ಕರೆಂಟು ಹೋದಾಗ ಹೊಳೆಯಿತು.
ವಾಪಸು ಬಂದದ್ದನ್ನೆಲ್ಲ ಅಂಗಡಿಯವರು
ಒಲೆಗೆ ಹಾಕಿದ್ದಾರೆ, ಕರಗಿಸಿದ್ದಾರೆ.
ನನಗೆ ಸಿಕ್ಕಿದ್ದು
ಯಾರೋ ತಿನ್ನದ ಬನ್ನು, ಯಾರೋ ಕುಡಿಯದ ಕಾಫಿ.

ಅದರಲ್ಲೊಂದು ಹಿತ್ತಾಳೆ.
'ಪುತ್ತುಬಾವ, ಜೀನಸು, ಬಂದರು. ಅರ್ಧಾಣೆ ಕೊಡತಕ್ಕದ್ದು.'
ಮೇಲಂಚಿಗೆ ಆಮೇಲೆ ಕೊರೆದ ತೂತು,
ತೂತಿನಲ್ಲಿ ಎಣ್ಣೆ ಕುಡಿದ ಕರಿ ನೂಲಿನ ಒಂದೆಳೆ.
ಯಾವ ಮಗುವಿನ ಸೊಂಟದಲ್ಲಿತ್ತೋ.
ಅರ್ಧಾಣೆಯ ಬೆಲ್ಲಕ್ಕಿಂತ ಆ ತಾಯಿಗೆ
ಮಿನುಗೇ ಬೇಕೆನಿಸಿತೋ.

ಬಂದರಿಗೆ ಕೊಂಡುಹೋದೆ.
ಪುತ್ತುಬಾವನ ಮೊಮ್ಮಗ ಇಂತಿಯಾಜ್ ಈಗ
ಬೋಟಿನವರಿಗೆ ನೈಲಾನ್ ಹಗ್ಗ, ಥರ್ಮಾಕೋಲ್ ಪೆಟ್ಟಿಗೆ ಮಾರುತ್ತಾನೆ.
ಬಿಲ್ಲೆಯನ್ನು ಅಂಗಿಗೆ ಉಜ್ಜಿ
ಅಜ್ಜನ ಹೆಸರನ್ನು ಗಟ್ಟಿಯಾಗಿ ಓದಿದ, ಮಗ್ಗಿ ಹೇಳುವ ಹುಡುಗನ ಹಾಗೆ.
"ಕೊಡತಕ್ಕದ್ದು ಅಂತ ಉಂಟಲ್ಲ ಬಾಯಮ್ಮ, ಕೊಡುವ."

ಹಳೇ ಚಾಳಿ, ನಾನು ಆಗಲೇ ಲೆಕ್ಕ ಹಾಕಿದ್ದೆ:
ನೂರಕ್ಕೆ ನಾಲ್ಕು, ಚಕ್ರಬಡ್ಡಿ, ಎಂಬತ್ತು ವರ್ಷ,
ಎಪ್ಪತ್ತೆರಡು ಪೈಸೆ.
"ಬಡ್ಡಿ ನಮಗೆ ಆಗುದಿಲ್ಲ. ಅಸಲು?"
"ಮೂರು ಪೈಸೆ, ಮೇಲೆ ಚೂರು."
ಗಲ್ಲಾಪೆಟ್ಟಿಗೆಯ ಮೂಲೆಯವರೆಗೂ ತಡಕಾಡಿದ.
"ಚಿಲ್ಲರೆ ಇಲ್ಲ ಮಾರಾಯ್ರೆ" ಎಂದು
ಭರಣಿಯಿಂದ ತೆಗೆದ ಒಂದು ಶುಂಠಿ ಪೆಪ್ಪರಮೆಂಟು.

ಕೊಟ್ಟು, ಕೈ ಚಾಚಿದ.
ಒಂದು ಗಳಿಗೆ ಅರ್ಥವಾಗಲಿಲ್ಲ.
ಬಾಕಿ ತೀರಿದ ಮೇಲೆ ಬಿಲ್ಲೆ ಅಂಗಡಿಯದ್ದು.
ಕೌಂಟರಿನ ಆಚೆ ಕೂತು ನಾನೇ ಎಷ್ಟು ಜನರಿಗೆ
ಇದೇ ನ್ಯಾಯ ಹೇಳಿದ್ದೇನೆ.
ಕೊಟ್ಟೆ. ನೂಲಿನ ಎಳೆಯನ್ನು ಮಾತ್ರ ಬಿಡಿಸಿಕೊಂಡೆ.

ಖಾಲಿ ಕಿಸೆಯಲ್ಲಿ ಈಗ ಪೆಪ್ಪರಮೆಂಟು. ಕೆಳಗೆ ಚೀಟಿ:
'ಇಂತಿಯಾಜ್, ಬಂದರು. ಬೆಲೆ ಮೂರು ಪೈಸೆ, ಚೂರು.
ಯಾವ ಯುದ್ಧದ್ದೋ ತಿಳಿಯದು.'

ಬೆಳಿಗ್ಗೆ ನೋಡಿದರೆ ಇರುವೆಗಳು,
ಬಾಳಿಗರ ಇಡ್ಲಿಯನ್ನು ದಾಟಿ, ಪೊರ್ಬುವಿನ ಬನ್ನನ್ನು ದಾಟಿ
ಸಾಲಾಗಿ ಬಂದು ನಿಂತಿವೆ,
ವಸೂಲಿಗೆ.