ಬಗ್ಗಿದ ಪಿನ್ನು

ದುರ್ಗಿಗುಡಿಯಲ್ಲಿ, ಮಹಡಿ ಮೇಲೆ, ತಬ್ರೇಜನ ಅಂಗಡಿ.
ರಾತ್ರಿ ಒಂಬತ್ತಕ್ಕೆ ಷಟರ್ ಅರ್ಧ ಎಳೆದು
ಜಗಳ.
ಎಂಟು ಕೋರು ಧಾರಾಳ ಅಂತ ಪೂರ್ಣೇಶ,
ಎಂಟರಲ್ಲಿ ಏನು ಮಣ್ಣು ಆಡ್ತೀಯ ಅಂತ ಇವನು.
ನೂರ ನಲವತ್ತು ಫ್ರೇಮು. ನೂರ ನಲವತ್ತಾರು.
ಕಣ್ಣಿಗೆ ಕಾಣದ ಆ ಆರಕ್ಕೆ
ಹೋದ ತಿಂಗಳು ಎರಡು ವಾರ ಮಾತು ಬಿಟ್ಟಿದ್ದರು.

ನನ್ನದಿನ್ನೂ ಡಬ್ಬಿಯಲ್ಲೇ ಇತ್ತು,
ಹನ್ನೊಂದು ತಿಂಗಳ ಚೀಟಿ ದುಡ್ಡು.
ತೆಗೆದೆ. ಬೆರಳು ಬೆವರಿತ್ತು.
ಟಕ್.

ತಿರುಗಿಸಿದರೆ, ಸಾವಿರ ಪಿನ್ನುಗಳ ನಡುವೆ
ಎರಡು ವಾಲಿದ್ದವು
ಕೊನೇ ಪೀರಿಯಡ್ಡಿನಲ್ಲಿ ತೂಕಡಿಸುವ ಹುಡುಗರ ಹಾಗೆ.

ಕೆಳಗೆ ಗಡಿಯಾರ ರಿಪೇರಿಯ ವಾಮನ ಶೇಟರು
ಕಣ್ಣಿಗೆ ಮಸೂರ ಸಿಕ್ಕಿಸಿ ಸೂಜಿ ಹಿಡಿದರು.
ಉಸಿರು ಕಟ್ಟಿದರು; ನಾವೂ ಕಟ್ಟಿದೆವು.
ಒಂದು ಎದ್ದು ನಿಂತಿತು.
ಇನ್ನೊಂದು ಸೂಜಿಗೇ ಬಂತು.
"ಈ ಹಲ್ಲು ಎಂತಕ್ಕೆ?"
ಪೂರ್ಣೇಶ ತಬ್ರೇಜನನ್ನು ನೋಡಿದ,
ತಬ್ರೇಜ ಪೂರ್ಣೇಶನನ್ನು.

ಒಂದು ಪಿನ್ನು ಕಮ್ಮಿಯಲ್ಲೇ ಓಡುತ್ತಿದೆ ಈಗ.
ಎಷ್ಟು ಫ್ರೇಮು, ಅಳೆದಿಲ್ಲ.
ಮೆಟ್ಟಿಲಲ್ಲಿ ಸಿಕ್ಕಾಗ ಶೇಟರು ಮಾತ್ರ
ಬಿಡದೆ ಕೇಳುತ್ತಾರೆ:
"ನಡೀತಾ ಉಂಟಾ?
ದಿನಕ್ಕೆ ಎಷ್ಟು ನಿಮಿಷ ಹಿಂದೆ ಬೀಳ್ತದೆ?"