ಬಂಗುಡೆ ಏಲಂ

ಮಲ್ಪೆ ದಕ್ಕೆ, ಬೆಳಗಿನ ಆರು.
"ಸಾವಿರದ ಇನ್ನೂರು, ಇನ್ನೂರೈವತ್ತು..."
ಅಷ್ಟಕ್ಕೇ ನಿಂತರು ಲಕ್ಕಣ ಕರ್ಕೇರ,
ಬುಟ್ಟಿಗಳ ನಡುವೆ ಮಗುಚಿಬಿದ್ದರು.

ಉಸಿರಿದೆ ಎಂದರು ಯಾರೋ.
ದಡಕ್ಕೆ ಬಿದ್ದ ಮೀನೂ ಬಾಯಿ ತೆರೆಯುತ್ತದಲ್ಲ!

ಮಂಜಿಗೆ ಮರಗಟ್ಟಿದ ಅಂಗೈ ಮೇಲೆ ಅಂಗೈ
ಎದೆಯ ನಡುವಿಗೆ ಇಟ್ಟು ಒತ್ತಿದೆ:
ಒಂಜಿ, ರಡ್ಡ್, ಮೂಜಿ...
ಮೂವತ್ತಾದ ಮೇಲೆ ಮತ್ತೆ ಒಂಜಿ.
ಏಡಿಯ ಚಿಪ್ಪಿನಂತೆ ಲಟಕ್ಕೆಂದಿತು ಎಲುಬು.
ನಿಲ್ಲಿಸಬೇಡ ಎಂದಿದ್ದರು, ಸೊಸೈಟಿ ಕಟ್ಟಡದಲ್ಲಿ, ರಬ್ಬರ್ ಗೊಂಬೆಯ ಮುಂದೆ.
ಆ ಗೊಂಬೆ ಬೆವರುತ್ತಿರಲಿಲ್ಲ,
ನನಗೆ ನಾನೂರು ರೂಪಾಯಿ ಬಾಕಿ ಇಟ್ಟಿರಲಿಲ್ಲ.

ತೋಳು ಸೋತಾಗ ಮಂಜು ಹೊರುವ ಹುಡುಗ ಬಂದ;
ಅವನು ಎಣಿಸಿದ್ದು ಒಡಿಯಾದಲ್ಲಿ.

ಆಂಬ್ಯುಲೆನ್ಸಿನ ಪೆಟ್ಟಿಗೆ ಎಲ್ಲರನ್ನೂ ದೂರ ನಿಲ್ಲಿಸಿ
ಒಮ್ಮೆ ಅವರನ್ನು ಕುಲುಕಿತು.
ಬಾಗಿಲು ಮುಚ್ಚಿತು.

ಇನ್ನೂರೈವತ್ತಕ್ಕೆ ನಿಂತ ಬುಟ್ಟಿಗೆ
ಮಂಜು ಹಾಕುತ್ತಾ ಕೂತಿದ್ದೇನೆ.