ನಾಲ್ಕು ಮೂಲೆ

ಬೀಜದ ಆಲೂಗಡ್ಡೆ ಬಂದ ಕಾಗದದ ಚೀಲ ಸೀಳಿ
ಅದರ ಬೆನ್ನ ಮೇಲೆ ಬರೆದೆ ಮನೆಯ ನಕ್ಷೆ.
ಮೊದಲು ಗೀಚಿದ್ದು ನೆಲಮಾಳಿಗೆ:
ಮೈನಸ್ ನಲವತ್ತಕ್ಕೆ ಸೆಲೆಂಗೆಯ ನೀರು ಕಲ್ಲಾಗುವಾಗ
ಗಡ್ಡೆಗಳು ಮಲಗಲಿಕ್ಕೆ ಒಂದೂವರೆ ಆಳು ಆಳ.
ಅವು ಬದುಕಿದರೆ ತಾನೆ ಮೇಲಿನ ಕೋಣೆಗಳಲ್ಲಿ ನಾವು.

ಆಮೇಲೆ ಒಲೆ. ಒಲೆಯ ಬೆನ್ನಿಗೆ ದಪ್ಪ ಗೋಡೆ,
ಗೋಡೆಯೊಳಗೆ ಹೊಗೆ ಸುತ್ತಿ ಸುತ್ತಿ ಹೋಗುವ ದಾರಿ.
ಕಿಟಕಿ ಎಲ್ಲ ತೆಂಕಣಕ್ಕೆ. ಬಡಗಣಕ್ಕೆ ಕುರುಡು ಗೋಡೆ,
ಅದಕ್ಕೆ ಒತ್ತಿ ಕರುಗಳ ಕೊಟ್ಟಿಗೆ,
ಅವುಗಳ ಉಸಿರೂ ಒಂದಿಷ್ಟು ಕಾವು.

ಖಾಶ್‌ಬಾತರ್ ಅಳಿಸಿದ, ಮತ್ತೆ ಬರೆದ.
ಟ್ರ್ಯಾಕ್ಟರಿಗೊಂದು ಕೋಣೆ ಬೇಕಂತೆ,
ನಮ್ಮದಕ್ಕಿಂತ ದೊಡ್ಡದು.
ಅರ್ಧ ಕೊಟ್ಟೆ. ಉಳಿದರ್ಧಕ್ಕೆ ಇನ್ನೂ ಜಗಳ.

ದುಲಮ್‌ಸುರೆನ್ ಚಿಕ್ಕಮ್ಮ ಉಪ್ಪು ಚಹಾ ಹೀರುತ್ತ
ನಕ್ಷೆಯ ಮೇಲೆ ಬೆರಳೂರಿದಳು:
'ಇದೇನು ಇಲ್ಲಿ?' ಮೂಲೆ.
'ಇಲ್ಲಿ?' ಅದೂ ಮೂಲೆ.
'ಎಪ್ಪತ್ತೊಂದು ವರ್ಷ ದುಂಡು ಗುಡಾರದಲ್ಲಿ ಬದುಕಿದೆ.
ಮೂಲೆಯಲ್ಲಿ ಏನಿಡುತ್ತಾರೆ?'
ಏನೂ ಹೊಳೆಯಲಿಲ್ಲ. ಪೊರಕೆ, ಅಂದೆ.
'ಹಾಗಾದರೆ ನಾಲ್ಕು ಪೊರಕೆ ಕೊಳ್ಳು.
ನೋಡಿಕೊ, ಐದನೆಯದು ನಾನಾಗದಂತೆ.'

ಹೊತ್ತು ತಿಳಿಯುವುದು ಹೇಗೆ, ಎಂದೂ ಕೇಳಿದಳು.
ಗುಡಾರದ ನೆತ್ತಿಯ ಬೆಳಕಿಂಡಿಯಿಂದ ಇಳಿದ ಬಿಸಿಲು
ಪಡುವಣದ ಜೀನು ಮುಟ್ಟಿದರೆ ಹಾಲು ಕರೆವ ಹೊತ್ತು,
ಬಡಗಣದ ಪೆಟ್ಟಿಗೆ ಮುಟ್ಟಿದರೆ ನಡುಹಗಲು,
ಮೂಡಣದ ಪಾತ್ರೆ ಮುಟ್ಟಿದರೆ
ಕುರಿ ಹಟ್ಟಿಗೆ.
ಗಡಿಯಾರ ಇದೆಯಲ್ಲ, ಎಂದ ಖಾಶ್‌ಬಾತರ್.
ಆ ರಾತ್ರಿ ಅಡುಗೆಮನೆಯ ಮಾಡಿಗೆ
ಒಂದು ತೂತು ಬರೆದೆ, ಅವನಿಗೆ ಹೇಳದೆ.

ಮೇ ತಿಂಗಳು ಮಣ್ಣು ಸಡಿಲಾದ ದಿನ
ಗೂಟ ಹೊಡೆದು ಕೆಂಪು ದಾರ ಕಟ್ಟಿದೆವು.
ಗಾಳಿಗೆ ಗೋಡೆಗಳು ಝುಂಯ್ ಅಂದವು.
ಒಂದು ಕರು ಒಲೆಯೊಳಗಿಂದಲೇ ನಡೆದು
ಮಲಗುವ ಕೋಣೆಯಲ್ಲಿ ಸಗಣಿ ಹಾಕಿತು.
ಚಿಕ್ಕಮ್ಮ ಬಂದಳು, ಕೈ ಹಿಂದೆ ಕಟ್ಟಿಕೊಂಡು.
ಎಲ್ಲಿಂದ ಬೇಕಾದರೂ ನುಗ್ಗಬಹುದಿತ್ತು.
ಇಡೀ ಮನೆಯನ್ನು ಒಂದು ಸುತ್ತು ಹಾಕಿ
ತೆಂಕಣ ಬಾಗಿಲಿಗೇ ಬಂದು ನಿಂತಳು,
ನಿಲುವಂಗಿಯ ಅಂಚು ಎತ್ತಿ ಹಿಡಿದು
ದಾರದ ಹೊಸ್ತಿಲು ತುಳಿಯದೆ, ಸೋಕದೆ,
ಕಾಲೆತ್ತಿ ಒಳಗಿಟ್ಟಳು.

'ಥಂಡಿ ಇದೆ,' ಅಂದಳು,
'ಬಾಗಿಲು ಹಾಕು.'